ಕಾಯುವ ಓಣಿಗಳು

"ವ್ಯತ್ಯಾಸ ಹೇಗೆ ಇರತ್ತೆ? ಎರಡೂ ಕಡೆಯವರು ಕುಡಿಯೋದು ಅದೇ ನೀರಲ್ವಾ?" ಎಂದು ಅತ್ತೆ ಹೇಳಿದಾಗ ಅವಳು ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದಳು. ಕೈ ಅಲ್ಲೇ ನಿಂತಿತು. ಕನ್ನಡಿಯೊಳಗೆ ಅವಳ ಭುಜದ ಹಿಂದೆ ಅತ್ತೆ ಮೊರದಲ್ಲಿ ಕಾಳು ಹರವಿಕೊಂಡು ಕಲ್ಲು ಆರಿಸುತ್ತಿದ್ದರು. ತಾವು ಏನು ಹೇಳಿದೆವೆಂಬ ಅರಿವು ಆ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಎದ್ದಾಗಿನಿಂದ ಅವರು ಕೇಳುತ್ತಲೇ ಇದ್ದರು, ಇವತ್ತು ಏನೋ ಮೀಟಿಂಗ್ ಅಂದ್ಯಲ್ಲ, ಏನದು ಎಂದು. ಹೇಳಿಬಿಟ್ಟರೆ ಸುಮ್ಮನಾಗುತ್ತಾರೆಂದು ಅವಳು ಹೇಳಿದ್ದಳು: ಬೀದಿ ನಲ್ಲಿಗಳ ಪಕ್ಕ ಇಟ್ಟಿದ್ದೇವಲ್ಲ ನೀರು ಶುದ್ಧ ಮಾಡುವ ಔಷಧದ ಡಬ್ಬಿ, ಅದು ಇರಬೇಕೋ ತೆಗೆಯಬೇಕೋ ಎಂದು ಮಧ್ಯಾಹ್ನ ತೀರ್ಮಾನ. ಎರಡು ವರ್ಷ ಮನೆಮನೆ ತಿರುಗಿ ಲೆಕ್ಕ ಹಾಕಿದ್ದಾಯಿತು. ಡಬ್ಬಿ ಇರುವ ಓಣಿಗಳ ಕೂಸುಗಳಿಗೂ ಇಲ್ಲದ ಓಣಿಗಳ ಕೂಸುಗಳಿಗೂ ಭೇದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ತೆಗೆಯುತ್ತಾರೆ.

"ಅದೇ ನೀರು ಅಂದ್ರೆ?" ಎಂದು ಅವಳು ತಿರುಗಿದಳು.

"ಅದೇ ನೀರು ಅಂದ್ರೆ ಅದೇ ನೀರು. ನನ್ನ ತಂಗಿ ದಿನಾ ಬೆಳಿಗ್ಗೆ ಮೋರಿ ದಾಟಿ ಆಚೆ ಓಣಿಗೆ ಹೋಗಿ, ಡಬ್ಬಿ ತಿರುಗಿಸಿ, ಒಂದು ಕೊಡ ತರ್ತಾಳೆ. ಮೊಮ್ಮಗೂಗೆ ಅದನ್ನೇ ಕುಡಿಸೋದು. ಅವಳೊಬ್ಬಳೇ ಏನು, ಅವಳ ಓಣಿಗೆ ಓಣೀನೇ ಹೋಗತ್ತೆ."

"ಯಾವಾಗಿಂದ ಅತ್ತೆ?"

"ಡಬ್ಬಿ ಹಾಕಿದಾಗಿಂದ. ನೀನೇ ಊಟಕ್ಕೆ ಕೂತಾಗ ಹೇಳಿದ್ಯಲ್ಲ, ಆ ನೀರು ಕುಡಿದ್ರೆ ಕೂಸುಗಳಿಗೆ ಹೊಟ್ಟೆ ಕೆಡೋದು ಕಡಿಮೆ ಆಗಬಹುದು ಅಂತ. ನಾನು ತಂಗಿಗೆ ಹೇಳಿದೆ. ಕೇಳಿದ್ದನ್ನ ಒಳಗೇ ಇಟ್ಕೊಂಡು ಕೂರೋಕೆ ನಾನೇನು ಕಬ್ಬಿಣದ ಬೀರುನಾ?"

"ಅವರು ಡಬ್ಬಿ ಇಲ್ಲದೆ ಕಾಯಬೇಕಾದವರು. ಅವರು ಆ ನೀರು ಕುಡೀದೆ ಇದ್ರೇನೇ ಡಬ್ಬಿಯಿಂದ ಉಪಯೋಗ ಇದೆಯೋ ಇಲ್ವೋ ಅಂತ ಗೊತ್ತಾಗೋದು."

"ಗೊತ್ತಾಗಬೇಕಾಗಿರೋದು ನಿಮಗೆ" ಎಂದು ಅತ್ತೆ ಒಂದು ಕಲ್ಲನ್ನು ಹೆಕ್ಕಿ ಕಿಟಕಿಯಾಚೆ ಎಸೆದರು. "ಹೊಟ್ಟೆ ಕೆಡೋದು ಕೂಸಿಗೆ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿದ್ದೂ ಅವಳ ಗಮನಕ್ಕೆ ಬರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಮಾತು ತಲೆಯೊಳಗೆ ಹೊಕ್ಕದ್ದು ಹೊರಗೆ ಹೋಗಲು ಒಲ್ಲೆ ಎನ್ನುತ್ತಿತ್ತು. ಸರ್ಕಾರದ ಕೆಲಸಗಳಿಂದ ಜನಕ್ಕೆ ನಿಜವಾಗಿ ಏನಾದರೂ ಆಯಿತೇ ಎಂದು ಅಳೆಯುವ ಕಚೇರಿಯಲ್ಲಿ ಇಷ್ಟು ವರ್ಷ ಕೂತು, ಅಳೆಯುವ ಕೋಲನ್ನೇ ತನ್ನ ಮನೆಯ ಊಟದ ಮೇಜಿನಿಂದ ಮುರಿದು ಕಳಿಸಿದಂತಾಯಿತಲ್ಲ. ಆ ಕೋಲನ್ನು ಅವಳು ಎಷ್ಟು ಜೋಪಾನವಾಗಿ ಮಾಡಿದ್ದಳು. ಶಾಲೆಯೊಂದರ ಸಭಾಂಗಣದಲ್ಲಿ ಓಣಿಗೊಬ್ಬರಂತೆ ಜನ ಕರೆಸಿ, ಪ್ರತಿ ಓಣಿಯ ಹೆಸರನ್ನೂ ಚೀಟಿಯಲ್ಲಿ ಬರೆದು, ಎಲ್ಲರಿಗೂ ಕಾಣುವ ಹಾಗೆ ಗಾಜಿನ ಜಾಡಿಗೆ ಹಾಕಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಚೀಟಿ ಎತ್ತಿದ್ದಳು. ಅರ್ಧ ಓಣಿಗಳಿಗೆ ಈಗಲೇ ಡಬ್ಬಿ, ಇನ್ನರ್ಧ ಎರಡು ವರ್ಷ ಕಾಯಬೇಕು. ಡಬ್ಬಿಗಳು ಹೇಗೂ ಎಲ್ಲರಿಗೆ ಸಾಲುವಷ್ಟಿರಲಿಲ್ಲ. ಯಾವ ಪುಢಾರಿಯ ಓಣಿ, ಯಾವ ಎಂಜಿನಿಯರನ ಭಾವನ ಓಣಿ ಎಂಬ ಪ್ರಶ್ನೆಯೇ ಇಲ್ಲ. ಬಡತನದಲ್ಲಿ, ಕೊಳಕಿನಲ್ಲಿ, ಜಗಳಗಂಟಿತನದಲ್ಲಿ ಎರಡು ಗುಂಪೂ ಹೆಚ್ಚುಕಡಿಮೆ ಒಂದೇ. ಮುಂದೆ ಏನಾದರೂ ಬೇರೆಯಾದರೆ ಅದು ಡಬ್ಬಿಯಿಂದಲೇ ಆದದ್ದು ಎಂದು ಎದೆ ತಟ್ಟಿ ಹೇಳಬಹುದು. ಚೀಟಿ ಬಂದವರು ಚಪ್ಪಾಳೆ ತಟ್ಟಿದ್ದರು. ಬಾರದವರು ಬೇರೆಯವರ ಮನೆಯ ಮದುವೆಯಲ್ಲಿ ನಗುವ ಹಾಗೆ ನಕ್ಕಿದ್ದರು. ಹಿಂದಿನ ಸಾಲಿನಲ್ಲಿ ಅತ್ತೆಯ ತಂಗಿ, ಅವಳು ಚಿಕ್ಕತ್ತೆ ಎಂದು ಕರೆಯುತ್ತಿದ್ದವರು, ಸೊಸೆಯ ಬಸುರಿನ ಸುದ್ದಿಯನ್ನು ಆಗಷ್ಟೇ ಎಲ್ಲರಿಗೂ ಹೇಳಿ ಮುಗಿಸಿ ಕೂತಿದ್ದರು. ಕಣ್ಣಿನ ಬಟ್ಟೆ ಬಿಚ್ಚಿದಾಗ ಅವಳ ಕೈಯಲ್ಲಿದ್ದ ಕೊನೆಯ ಚೀಟಿ ಮೋರಿಯಾಚೆಯ ಓಣಿಯದು. ಚಿಕ್ಕತ್ತೆಯದು ಜಾಡಿಯಲ್ಲೇ ಉಳಿಯಿತು. ಚಿಕ್ಕತ್ತೆ ದೂರದಿಂದಲೇ ಕೈ ಎತ್ತಿ, ಪರವಾಗಿಲ್ಲ ಎಂಬಂತೆ ಆಡಿಸಿದ್ದರು.

ಅದಾದ ಮೇಲೆ ಅವಳು ಚಿಕ್ಕತ್ತೆಯ ಮನೆಗೆ ಹೋಗಿರಲಿಲ್ಲ. ಕೂಸು ಹುಟ್ಟಿತು, ಹೋಗಲಿಲ್ಲ. ಹೆಸರಿಟ್ಟರು, ಹೋಗಲಿಲ್ಲ. ಅಧ್ಯಯನ ನಡೆಯುವಾಗ ಅದರವರು ಆ ಓಣಿಗಳಲ್ಲಿ ಸುಮ್ಮಸುಮ್ಮನೆ ಓಡಾಡಬಾರದು, ಹಾಗೊಂದು ನಿಯಮವಿದೆ ಎಂದು ಗಂಡನಿಗೆ ಹೇಳಿದ್ದಳು; ಆ ನಿಯಮ ನಿಜವೂ ಆಗಿತ್ತು. ಅವನು ಅವಳ ಮುಖವನ್ನು ಒಂದು ಗಳಿಗೆ ನೋಡಿ ಒಬ್ಬನೇ ಹೋಗಿಬಂದಿದ್ದ. ಕೂಸನ್ನು ಎತ್ತಿಕೊಂಡರೆ, ಅದರ ಕೈ ತನ್ನ ಬೆರಳು ಹಿಡಿದರೆ, ಆಮೇಲೆ ಪ್ರತಿ ತಿಂಗಳೂ ಅಂಕಿಗಳು ಬಂದಾಗ ಕಾಯುವ ಓಣಿಗಳ ಸಾಲಿನಲ್ಲಿ ಅದೊಂದನ್ನು ಹುಡುಕುವ ಚಟ ಹತ್ತುತ್ತದೆಂದು ಹೆದರಿದ್ದಳು. ಹೆದರಿಕೆಗೆ ನಿಯಮದ ಅಂಗಿ ತೊಡಿಸಿ ಎರಡು ವರ್ಷ ಕಳೆದಿದ್ದಳು. ಆ ಎರಡು ವರ್ಷವೂ ಚಿಕ್ಕತ್ತೆ ಬೆಳಿಗ್ಗೆ ಎದ್ದು ಮೋರಿ ದಾಟಿ ನೀರು ತರುತ್ತಿದ್ದರಂತೆ. ಕೂಸು ಗುಂಡುಗುಂಡಗೆ ಇದೆಯಂತೆ. ಸಿಟ್ಟು ಬರಬೇಕೋ ಸಂತೋಷವಾಗಬೇಕೋ ತಿಳಿಯದೆ, ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದ ಮೇಲೆ, ಅವಳು ಚೀಲದಲ್ಲಿ ಕೈಯಾಡಿಸಿ ಮೊದಲು ಕೊಟ್ಟದ್ದು ಬಾಚಣಿಗೆ. ಹಿಂದಿನ ಸೀಟಿನವರು ನಕ್ಕರು. ಅವಳ ಕಿವಿ ಬಿಸಿಯಾಯಿತು.

ಕಚೇರಿಯಲ್ಲಿ ನಿರ್ದೇಶಕರು ಅವಳ ಒಂದು ಪುಟದ ಟಿಪ್ಪಣಿಯನ್ನು ಓದಿ ಮುಗಿಸಿದ್ದರು. ಎಲ್ಲ ವರದಿಗಳಲ್ಲೂ ಅವರು ತಿದ್ದುತ್ತಿದ್ದದ್ದು ಒಂದನ್ನೇ ಆದ್ದರಿಂದ ಕಚೇರಿಯಲ್ಲಿ ಅವರ ಹೆಸರು ಅರ್ಧವಿರಾಮ. ಕೆಟ್ಟ ಮನುಷ್ಯರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬದುಕಿ ನಿವೃತ್ತಿಯ ಹೊಸ್ತಿಲಿಗೆ ಬಂದವರು. "ಗಣನೀಯ ವ್ಯತ್ಯಾಸ ಕಂಡುಬಂದಿಲ್ಲ" ಎಂಬ ಸಾಲಿನ ಮೇಲೆ ಪೆನ್ನಿನ ತುದಿಯಿಟ್ಟು, "ಚೆನ್ನಾಗಿದೆ. ಇಲ್ಲ ಅನ್ನೋದು ಯಾವತ್ತೂ ಸುಲಭ. ಇದೆ ಅಂದ್ರೆ ಎಷ್ಟಿದೆ, ಎಲ್ಲಿದೆ ಅಂತ ಹಿಂದೆ ಬೀಳ್ತಾರೆ" ಎಂದರು. ಅವಳು ಸರ್ ಎಂದಳು. ಅವರು ತಲೆಯೆತ್ತಿದರು. ನಮ್ಮ ಮನೆಯಲ್ಲಿ ಇವತ್ತು ಬೆಳಿಗ್ಗೆ ಎಂದು ಶುರುಮಾಡಬೇಕಿದ್ದ ನಾಲಿಗೆ, ಪ್ರತಿಗಳು ಎಷ್ಟು ಬೇಕು ಸರ್ ಎಂದು ಕೇಳಿ ಹೊರಗೆ ಕರೆತಂದಿತು. ಪಡಸಾಲೆಯಲ್ಲಿ ನಿಂತು ಅವಳು ತನ್ನನ್ನು ತಾನೇ ಬೈದುಕೊಂಡಳು.

ಸುಮ್ಮನಿದ್ದುಬಿಟ್ಟರೆ ಡಬ್ಬಿಗಳನ್ನು ಬಿಚ್ಚಿಕೊಂಡು ಹೋಗುತ್ತಾರೆ. ಆಮೇಲೆ ಚಿಕ್ಕತ್ತೆ ಎಲ್ಲಿಗೆ ಹೋಗಬೇಕು. ಬಾಯಿಬಿಟ್ಟರೆ, ಅಧ್ಯಯನ ಕೆಟ್ಟಿತು, ಕೆಡಿಸಿದ್ದು ಅಧ್ಯಯನ ಮಾಡಿದವಳ ಮನೆಯವರೇ ಎಂದಾಗುತ್ತದೆ. ಅವಳ ಮಾನ ಹೋಗುವುದು ಒಂದು ಮಾತು. ಅದಕ್ಕಿಂತ ಅವಳನ್ನು ಕಾಡುತ್ತಿದ್ದದ್ದು ಬೇರೆ. ಈ ಕಟ್ಟಡದಲ್ಲಿ ಯೋಜನೆಗಳು ಹುಟ್ಟುತ್ತಿದ್ದದ್ದು ಯಾರದೋ ಭಾಷಣದಲ್ಲಿ, ಸಾಯುತ್ತಿದ್ದದ್ದು ಇನ್ಯಾರದೋ ಮುನಿಸಿನಲ್ಲಿ. ಅವಳು ಬರೆದ ದಪ್ಪ ವರದಿಯೊಂದನ್ನು ಮೇಲಿನ ಮಹಡಿಯಲ್ಲಿ ಅಲ್ಲಾಡುವ ಕಪಾಟಿನ ಕಾಲಿಗೆ ಕೊಟ್ಟಿದ್ದನ್ನು ಕಣ್ಣಾರೆ ಕಂಡಿದ್ದಳು. ಕಪಾಟು ಆಮೇಲೆ ಅಲ್ಲಾಡಲಿಲ್ಲ, ಅಷ್ಟು ಉಪಯೋಗವಾಯಿತು. ಹೀಗಿರುವಾಗ ಈ ಹೊಸ ಕಾರ್ಯದರ್ಶಿ ಬಂದು, ಡಬ್ಬಿಯ ಕಡತ ಮುಂದೆ ಬಂದಾಗ, ಇದಕ್ಕೆ ಆಧಾರ ಏನು ಎಂದು ಕೇಳಿದ್ದರು. ಆಧಾರ ಇಲ್ಲದಿದ್ದರೆ ಹುಡುಕಿ, ನಾನು ಕಾಯುತ್ತೇನೆ ಎಂದಿದ್ದರು. ಆ ದಿನ ಅವಳು ಮನೆಗೆ ಹೋಗುವಾಗ ಬಸ್ಸಿನಲ್ಲಿ ಸುಮ್ಮಸುಮ್ಮನೆ ನಕ್ಕಿದ್ದಳು. ಈಗ ಅವರ ಮುಂದೆ ಹೋಗಿ, ಆಧಾರ ಸೋರಿಹೋಯಿತು ಮೇಡಂ, ನಮ್ಮ ಅತ್ತೆ ಹೇಳಿಬಿಟ್ಟರು ಎಂದರೆ, ಇನ್ನು ಯಾವ ಕಾರ್ಯದರ್ಶಿ ಈ ಕಟ್ಟಡದಲ್ಲಿ ಆ ಪ್ರಶ್ನೆ ಕೇಳಿಯಾರು.

ತನ್ನ ಕೋಣೆಗೆ ಬಂದು ಬಾಗಿಲು ಮುಚ್ಚಿಕೊಂಡಳು. ಕೋಣೆಯೆಂದರೆ ಕಡತಗಳ ಗೋದಾಮಿಗೆ ಹಲಗೆ ಹೊಡೆದು ಮಾಡಿದ ಮೂಲೆ. ಕಂಪ್ಯೂಟರಿನಲ್ಲಿ ಚಿಕ್ಕತ್ತೆಯ ಓಣಿಯನ್ನು ತೆಗೆದಳು, ಎರಡು ವರ್ಷದಲ್ಲಿ ಮೊದಲ ಸಲ. ಅಲ್ಲಿ ಭೇದಿ ಇಳಿದಿತ್ತು, ಡಬ್ಬಿಯ ಓಣಿಗಳಲ್ಲಿ ಇಳಿದಷ್ಟೇ. ಅತ್ತೆಯ ಮಾತು ಸುಳ್ಳಲ್ಲ. ಕೂತು ಆ ಅಂಕಿಯನ್ನು ನೋಡುತ್ತಾ, ಇದೊಂದು ಓಣಿಯನ್ನು ಲೆಕ್ಕದಿಂದ ಕೈಬಿಟ್ಟರೆ ಎಂಬ ಯೋಚನೆ ಬಂತು, ಬಂದದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದರೂ ಬಿಟ್ಟು ನೋಡಿದಳು. ಫಲಿತಾಂಶ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಅವಳಿಗೆ ಅರ್ಥವಾಗಲಿಲ್ಲ. ಇಡೀ ಅಧ್ಯಯನ ಕೆಟ್ಟದ್ದು ಈ ಒಂದು ಓಣಿಯಿಂದ ಎಂದಾದರೆ, ಇದನ್ನು ತೆಗೆದಾಗ ಉಳಿದದ್ದು ಸರಿಹೋಗಬೇಕಿತ್ತು. ಹಾಗಾದರೆ ಬೇರೆ ಎಲ್ಲೋ. ಚಿಕ್ಕತ್ತೆಗೆ ಡಬ್ಬಿ ಮೋರಿ ದಾಟುವಷ್ಟೇ ದೂರ; ಉಳಿದವರಿಗೆ? ಯಾರೋ ಚಹಾ ಬಂತು ಎಂದು ಕೂಗಿ ಒಂದು ಲೋಟ ಒಳಗಿಟ್ಟು ಹೋದರು. ಪ್ರತಿ ಓಣಿಯೂ ಎಲ್ಲಿದೆಯೆಂದು ಯಂತ್ರದಿಂದ ಗುರುತು ಹಾಕಿಸಿ ತಂದಿದ್ದರು, ಸಮೀಕ್ಷೆಯವರು ನಿಜವಾಗಿ ಅಲ್ಲಿಗೆ ಹೋಗಿದ್ದರೋ ಇಲ್ಲವೋ ಎಂಬ ಅನುಮಾನಕ್ಕೆ. ಅದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಆ ಗುರುತುಗಳನ್ನು ಯಾರೂ ಮುಟ್ಟಿರಲಿಲ್ಲ. ಕಾಯುವ ಓಣಿಗಳನ್ನಷ್ಟೇ ಆರಿಸಿಕೊಂಡು, ಒಂದೊಂದಕ್ಕೂ ಹತ್ತಿರದ ಡಬ್ಬಿ ಎಷ್ಟು ದೂರ ಎಂದು ಅಳೆಯಲು ಕಂಪ್ಯೂಟರಿಗೆ ಹೇಳಿದಳು. ಓಣಿಗೊಂದು ಚುಕ್ಕಿ. ಡಬ್ಬಿಗೆ ಹತ್ತಿರವಿದ್ದರೆ ಎಡಕ್ಕೆ, ದೂರವಿದ್ದರೆ ಬಲಕ್ಕೆ. ಭೇದಿ ಕಡಿಮೆಯಿದ್ದರೆ ಕೆಳಗೆ, ಹೆಚ್ಚಿದ್ದರೆ ಮೇಲೆ.

ಚುಕ್ಕಿಗಳು ಪರದೆಯ ಮೇಲೆ ಬಂದು ಕೂತವು. ಎಡಗಡೆಯ ಕೆಳಮೂಲೆಯಿಂದ ಬಲಗಡೆಯ ಮೇಲಿನ ಮೂಲೆಗೆ, ಒಬ್ಬರ ಹಿಂದೊಬ್ಬರು ಗುಡ್ಡ ಹತ್ತುವ ಹಾಗೆ ಹತ್ತಿದ್ದವು. ಅವಳು ಮೊದಲು ತಾನೇನೋ ತಪ್ಪು ಮಾಡಿದೆನೆಂದುಕೊಂಡಳು. ಅಷ್ಟು ಚೆಂದದ ಚಿತ್ರ ಈ ಕಸುಬಿನಲ್ಲಿ ಕಂಡರೆ ಮೊದಲು ಅನುಮಾನ ಪಡಬೇಕು ಎಂಬುದು ಅವಳಿಗೆ ಕಲಿಸಿದ ಪಾಠ. ಡಬ್ಬಿಗೆ ಹತ್ತಿರದ ಓಣಿಗಳು ಬಹುಶಃ ದೊಡ್ಡ ರಸ್ತೆಯ ಪಕ್ಕದವು, ಸ್ವಲ್ಪ ಅನುಕೂಲಸ್ಥರವು. ಅಲ್ಲಿ ಭೇದಿ ಯಾವತ್ತೂ ಕಡಿಮೆಯೇ ಇದ್ದಿರಬಹುದು. ಕೂಸು ಹುಟ್ಟಿದ ಮೇಲೆ ಗಂಡು, ಹೆಣ್ಣು ಎಂದು ಕಣಿ ಹೇಳುವವಳು ತಾನಾಗಬಾರದು. ಡಬ್ಬಿ ಬರುವುದಕ್ಕೆ ಮುಂಚಿನ ವರ್ಷದ ಅಂಕಿಗಳನ್ನು ತೆಗೆದು, ಅದೇ ಓಣಿಗಳು, ಅದೇ ದೂರ, ಮತ್ತೊಮ್ಮೆ ಚುಕ್ಕಿ ಹಾಕಿಸಿದಳು. ಈ ಸಲ ಗುಡ್ಡವಿಲ್ಲ. ಚುಕ್ಕಿಗಳು ಅಂಗಳಕ್ಕೆ ಚೆಲ್ಲಿದ ಕಾಳಿನ ಹಾಗೆ ಹತ್ತಿರ, ದೂರ ಎನ್ನದೆ ಹರಡಿ ಬಿದ್ದಿದ್ದವು. ಆಗ ಎಲ್ಲರ ಕೂಸುಗಳೂ ಒಂದೇ ಸಮ ನರಳುತ್ತಿದ್ದವು. ಡಬ್ಬಿ ಬಂದ ಮೇಲೆ ಗುಡ್ಡ ಎದ್ದಿತು.

ಅವಳು ಎದ್ದು ನಿಂತಳು, ಮತ್ತೆ ಕೂತಳು. ಹಾಗಾದರೆ ಹೋದದ್ದು ಚಿಕ್ಕತ್ತೆಯೊಬ್ಬರೇ ಅಲ್ಲ, ಅವರ ಓಣಿಯೊಂದೇ ಅಲ್ಲ. ಎಡಗಡೆ ಕೆಳಗೆ ಕೂತಿರುವ ಒಂದೊಂದು ಚುಕ್ಕಿಯೂ ಬೆಳಿಗ್ಗೆ ಎದ್ದು ಕೊಡ ಹಿಡಿದು ಹೊರಟ ಒಂದು ಓಣಿ. ಆ ಓಣಿಗಳ ಹೆಸರೂ ಅವಳಿಗೆ ನೆನಪಿಲ್ಲ, ಸಂಖ್ಯೆ ಮಾತ್ರ ಗೊತ್ತು. ಅಲ್ಲೆಲ್ಲ ಯಾವಳೋ ಅತ್ತೆ ಯಾವಳೋ ತಂಗಿಗೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಯಾವಳೋ ಸೊಸೆ ಪಕ್ಕದವಳಿಗೆ, ಆ ನೀರು ಒಳ್ಳೇದಂತೆ ಎಂದಿದ್ದಾಳೆ. ಒಂದು ಸುತ್ತೋಲೆ ಹೋಗಿಲ್ಲ, ಒಂದು ಭಾಷಣವಾಗಿಲ್ಲ. ಕಾಯಿರಿ ಎಂದು ಹೇಳಿ ಕಳಿಸಿದವರು ಕಾಯಲಿಲ್ಲ. ಕಾಲು ನಡೆದಷ್ಟು ದೂರ ನೀರು ನಡೆಯಿತು, ನೀರು ನಡೆದಷ್ಟು ದೂರ ಕೂಸುಗಳು ನೆಟ್ಟಗಾದವು. ಅವಳ ಕಚೇರಿ ಎರಡು ಗುಂಪುಗಳ ನಡುವೆ ಎಳೆದ ಗೆರೆಯನ್ನು ಜನ ಕೊಡ ಹೊತ್ತು ದಾಟಿಬಿಟ್ಟಿದ್ದರು. ಅದಕ್ಕೇ ವ್ಯತ್ಯಾಸ ಕಂಡಿರಲಿಲ್ಲ. ವ್ಯತ್ಯಾಸವಿಲ್ಲ ಎಂದು ಅವಳು ಬರೆದಿದ್ದ ಸಾಲಿನೊಳಗೆ ಇಷ್ಟು ಹೆಂಗಸರು ನಡೆಯುತ್ತಿದ್ದರು ಎಂದು ಯಾರಿಗೆ ಗೊತ್ತಿತ್ತು. ಮತ್ತು ಅವರಲ್ಲಿ ಯಾರ ಕೂಸು ಉಳಿಯಿತು? ಇಂಥದ್ದೇ ಎಂದು ಬೆರಳು ಮಾಡಿ ತೋರಿಸಲು ಯಾರಿಂದಲೂ ಆಗದು, ಹೆತ್ತವಳಿಂದಲೂ. ಬಾರದೆ ಹೋದ ಭೇದಿಗೆ ಮುಖವಿಲ್ಲ. ಹೆಸರಿಲ್ಲದೆ ಉಳಿದ ಎಷ್ಟೋ ಕೂಸುಗಳು ಈ ಹೊತ್ತು ಎಲ್ಲೋ ತೆವಳುತ್ತಿವೆ, ಏನನ್ನೋ ಬಾಯಿಗೆ ಹಾಕಿಕೊಳ್ಳುತ್ತಿವೆ, ಏಟು ತಿನ್ನುತ್ತಿವೆ. ಬೆಳಗಿನಿಂದ ಅವಳು ಹೊತ್ತು ತಿರುಗಿದ್ದ ತಪ್ಪು, ನನ್ನ ಮನೆ, ನನ್ನ ಮಾನ ಎಂದು ಎದೆಗವಚಿಕೊಂಡಿದ್ದದ್ದು, ಈ ದೊಡ್ಡದರ ಮುಂದೆ ಎಲ್ಲಿ ಬಿದ್ದುಹೋಯಿತೆಂದೇ ತಿಳಿಯಲಿಲ್ಲ. ಅವಳಿಗೆ ಅಳು ಬಂತು. ಚಹಾ ಆರಿಹೋಗಿತ್ತು, ಅದನ್ನೇ ಕುಡಿದಳು.

ಅರ್ಧವಿರಾಮರಿಗೆ ಎಲ್ಲವನ್ನೂ ಹೇಳಿದಾಗ ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಇದು ನಾವು ಮೊದಲೇ ಬರೆದುಕೊಟ್ಟ ಲೆಕ್ಕ ಅಲ್ಲ" ಎಂದರು. ಅಲ್ಲ ಸರ್, ಹಾಗಂತಲೂ ಹೇಳುತ್ತೇನೆ ಎಂದಳು. "ನಿಮ್ಮ ಮನೆ ವಿಷಯ ಎತ್ತಲೇಬೇಕಾ? ಜನ ಆಚೀಚೆ ಓಡಾಡಿರಬಹುದು ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳಿದ್ರೆ ಸಾಲದಾ?" ಅವಳಿಗೂ ಅದೇ ಆಸೆಯಿತ್ತು. ಮೆಟ್ಟಿಲು ಹತ್ತುವಾಗ ಆ ಆಸೆ ಜೊತೆಯಲ್ಲೇ ಬಂತು.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಒಬ್ಬೊಬ್ಬರ ಮುಂದೂ ಮುಚ್ಚಳ ಬಿಚ್ಚದ ನೀರಿನ ಬಾಟಲಿ. ಕಾರ್ಯದರ್ಶಿ ವಯಸ್ಸಾದ ಹೆಂಗಸು, ಕನ್ನಡಕವನ್ನು ಹಣೆಗೇರಿಸಿಕೊಂಡು ಮನುಷ್ಯರನ್ನು, ಕೆಳಗಿಳಿಸಿಕೊಂಡು ಕಾಗದವನ್ನು ನೋಡುವವರು. "ಡಬ್ಬಿಯಿಂದ ಉಪಯೋಗ ಇದೆಯಾ ಇಲ್ವಾ? ಒಂದೇ ಮಾತಲ್ಲಿ ಹೇಳಿ" ಎಂದರು. ಒಂದೇ ಮಾತು ಅವಳ ಬಾಯಿಗೆ ಬರಲಿಲ್ಲ. "ಮೇಡಂ, ಕಾಯೋದಕ್ಕೆ ಹೇಳಿದವರು ಕಾಯಲಿಲ್ಲ" ಎಂದಳು. ಮೇಜಿನ ಸುತ್ತ ಮುಖಗಳು ಮೇಲೆದ್ದವು. ಹೇಳುತ್ತಾ ಹೋದಳು. ಇವತ್ತು ಬೆಳಿಗ್ಗೆ ಗೊತ್ತಾಯಿತು ಎಂದಾಗ, ಹೇಗೆ ಗೊತ್ತಾಯಿತು ಎಂದು ನೀರಿನ ವಿಭಾಗದ ಎಂಜಿನಿಯರ್ ಕೇಳಿದ. ಆಸೆ ಕೊನೆಯ ಸಲ ಅವಳ ಸೆರಗು ಜಗ್ಗಿತು. "ನಮ್ಮ ಅತ್ತೆ ಹೇಳಿದರು. ನಾನು ಮನೆಯಲ್ಲಿ ಆಡಿದ ಮಾತನ್ನ ಅವರು ತಂಗಿಗೆ ಹೇಳಿದ್ದರಂತೆ." ಯಾರೋ ಕಿಸಕ್ಕೆಂದರು. ಎಂಜಿನಿಯರ್, "ಎರಡು ವರ್ಷ, ಇಷ್ಟು ಜನ, ಕೊನೆಗೆ ಅತ್ತೆ ಸೊಸೆ ಕಥೆ" ಎಂದು ಗೋಡೆಗೆ ಹೇಳಿದ. ನಗು ಮೇಜನ್ನು ಒಂದು ಸುತ್ತು ಹಾಕಿತು. ಅರ್ಧವಿರಾಮರು ಬಾಟಲಿಯ ಮೇಲಿನ ಅಕ್ಷರಗಳನ್ನು ಓದುತ್ತಿದ್ದರು. ಅವಳ ಕಿವಿ ಬೆಳಿಗ್ಗೆಯಂತೆಯೇ ಬಿಸಿಯಾಯಿತು. ಆದರೆ ಮಾತು ನಿಲ್ಲಲಿಲ್ಲ. ಎರಡೂ ಚಿತ್ರಗಳನ್ನು ಕಾರ್ಯದರ್ಶಿಯ ಮುಂದಿಟ್ಟು, ಇದು ಡಬ್ಬಿಗೆ ಮುಂಚೆ, ಇದು ಆಮೇಲೆ, ಇದು ನಾವು ಮೊದಲು ಹಾಕಿಕೊಂಡ ಲೆಕ್ಕವಲ್ಲ, ಆದ್ದರಿಂದ ಅಷ್ಟು ಅನುಮಾನವನ್ನು ಪಕ್ಕದಲ್ಲಿಟ್ಟುಕೊಂಡೇ ನೋಡಿ, ಆದರೆ ನೋಡಿ ಎಂದಳು.

ಕಾರ್ಯದರ್ಶಿ ಕನ್ನಡಕ ಇಳಿಸಿಕೊಂಡು ಎರಡೂ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದನ್ನು ನೋಡಿ ಇನ್ನೊಂದನ್ನು, ಮತ್ತೆ ಮೊದಲಿನದನ್ನು. "ಇವರೆಲ್ಲ ನಡೆದುಕೊಂಡು ಹೋದರಾ" ಎಂದು ಅವರು ಕೇಳಿದ್ದು ಅವಳನ್ನಲ್ಲ, ಯಾರನ್ನೂ ಅಲ್ಲ. ಆಮೇಲೆ ಬೆರಳನ್ನು ಗುಡ್ಡದ ತುದಿಗೆ ಒಯ್ದು, "ಈ ಮೇಲಿರೋ ಚುಕ್ಕಿಗಳು ಯಾವುವು?" ಎಂದರು.

"ಕಲ್ಲುಗಣಿ ಆಚೆಗಿನ ಓಣಿಗಳು ಮೇಡಂ. ಅಲ್ಲಿಂದ ಡಬ್ಬಿಗೆ ಅರ್ಧ ದಿನದ ದಾರಿ. ಅವರಿಗೆ ನಡೆಯೋಕಾಗಲಿಲ್ಲ."

"ಅವರ ಕೂಸುಗಳು?"

"ಮೊದಲು ಹೇಗಿದ್ದವೋ ಹಾಗೇ."

ಕಾರ್ಯದರ್ಶಿ ಹಾಳೆಯನ್ನು ಮೇಜಿನ ಮೇಲಿಟ್ಟರು. ಡಬ್ಬಿ ಯಾವುದನ್ನೂ ತೆಗೆಯಬೇಡಿ, ಉಳಿದ ಓಣಿಗಳಿಗೂ ಹಾಕಿ, ಶುರು ಇಲ್ಲಿಂದ ಮಾಡಿ ಎಂದು ಆ ಚುಕ್ಕಿಗಳ ಸುತ್ತ ಪೆನ್ನಿನಿಂದ ಸುತ್ತು ಬರೆದರು. ಅಲ್ಲಿಗೆ ಲಾರಿ ಹೋಗಲ್ಲ ಮೇಡಂ, ಮೊದಲು ಹತ್ತಿರದ್ದು ಮುಗಿಸಿದರೆ ವರ್ಷಾಂತ್ಯಕ್ಕೆ ಲೆಕ್ಕ ತೋರಿಸೋಕೆ ಚೆನ್ನಾಗಿರತ್ತೆ ಎಂದು ಎಂಜಿನಿಯರ್ ಹೇಳಿದ್ದಕ್ಕೆ, ಹತ್ತಿರದವರು ನಿಮ್ಮನ್ನ ಕೇಳದೆ ತಾವೇ ಮುಗಿಸಿಕೊಂಡಿದ್ದಾರಲ್ಲ ಎಂದರು. ಈ ಸಲ ಯಾರೂ ನಗಲಿಲ್ಲ. ಎಲ್ಲರೂ ಎದ್ದ ಮೇಲೆ ಅರ್ಧವಿರಾಮರು ಅವಳ ಪಕ್ಕಕ್ಕೆ ಬಂದು, ಮುಂದಿನ ಅಧ್ಯಯನವನ್ನು ಹೊರಗಿನವರಿಗೆ ಕೊಡುವುದು ಒಳ್ಳೆಯದು ಎಂದು ಮೇಲಿನವರ ಅಭಿಪ್ರಾಯ, ಬೇಜಾರು ಮಾಡಿಕೊಳ್ಳಬೇಡಿ ಎಂದರು. ಸರಿ ಸರ್ ಎಂದಳು. ಬೇಜಾರಾಗಿತ್ತು. ಚೀಟಿ ಎತ್ತುವ ಕೈ ಇನ್ನು ತನ್ನದಲ್ಲ ಎಂಬುದು ಮೆಟ್ಟಿಲಿಳಿಯುವಾಗ ನಿಧಾನಕ್ಕೆ ಒಳಗಿಳಿಯಿತು. ಆದರೂ ಬಸ್ಸಿನಲ್ಲಿ ಕೂತಾಗ ದಾರಿಯುದ್ದಕ್ಕೂ ನಲ್ಲಿ ಕಂಡಲ್ಲೆಲ್ಲ ಅವಳ ಕತ್ತು ತಿರುಗುತ್ತಿತ್ತು. ನೀರು ಹಿಡಿಯುವ ಹೆಂಗಸರನ್ನು ಎಷ್ಟೋ ವರ್ಷಗಳಿಂದ ನೋಡಿದ್ದಳು. ಹೀಗೆ ನೋಡಿರಲಿಲ್ಲ.

ಅತ್ತೆ ಬಾಗಿಲಲ್ಲೇ ಕಾದಿದ್ದರು. "ತೆಗೆದುಬಿಟ್ರಾ?"

"ಇಲ್ಲ. ಎಲ್ಲಾ ಕಡೆ ಹಾಕ್ತಾರೆ."

"ನನ್ನ ವಿಷಯ ಎತ್ತಿದ್ಯಾ?"

"ಎತ್ತಿದೆ. ಎಲ್ಲರ ಮುಂದೆ."

"ಬೈದ್ರಾ?"

"ನಕ್ಕರು. ಆಮೇಲೆ ನಗಲಿಲ್ಲ. ಎಲ್ಲಾ ಓಣಿಗಳಲ್ಲೂ ನಿಮ್ಮಂಥವರು ಇದ್ದಾರೆ ಅತ್ತೆ. ನೀವೊಬ್ಬರೇ ಅಲ್ಲ."

ಅತ್ತೆಗೆ ಇದು ಅಷ್ಟು ಹಿಡಿಸಲಿಲ್ಲವೆಂದು ಮುಖ ಹೇಳಿತು. ತಾವೊಬ್ಬರೇ ಸರ್ಕಾರದ ಕೆಲಸ ಕೆಡಿಸಿದ್ದು ಎಂಬ ಹೆದರಿಕೆಯ ಜೊತೆಗೆ ಚೂರು ಹೆಮ್ಮೆಯನ್ನೂ ಅವರು ದಿನವಿಡೀ ಸಾಕಿಕೊಂಡಿದ್ದಿರಬೇಕು. "ಎಲ್ಲಿ, ತೋರಿಸು ನೋಡೋಣ" ಎಂದರು. ಅವಳು ಚೀಲದಿಂದ ಹಾಳೆ ತೆಗೆದು ಮಂಚದ ಮೇಲೆ ಹರವಿ, ಇದು ಹತ್ತಿರ, ಇದು ದೂರ, ಇದು ಚಿಕ್ಕತ್ತೆಯ ಓಣಿ ಎಂದು ಹೇಳಿಕೊಟ್ಟಳು. ಅತ್ತೆ ಆ ಚುಕ್ಕಿಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ತೆಗೆಯಲಿಲ್ಲ. ಆಮೇಲೆ ಬೆರಳು ತಾನಾಗಿ ಮೇಲೆ ಮೇಲೆ ಹತ್ತಿ ಪೆನ್ನಿನ ಸುತ್ತಿನೊಳಗೆ ಹೋಗಿ ನಿಂತಿತು.

"ಇವರಿಗೆ ಯಾರೂ ಹೇಳಲಿಲ್ವಾ?"

"ಹೇಳಿರಬಹುದು. ದೂರ, ಹೋಗೋಕಾಗಲಿಲ್ಲ. ಅವರ ಕೂಸುಗಳಿಗೆ ಮೊದಲಿನ ಹಾಗೇ ಭೇದಿ ಆಗ್ತಾ ಇತ್ತು. ಕೆಲವು ಉಳೀಲಿಲ್ಲ." ಮುಂದಿನ ಮಾತನ್ನು ಅವಳು ಸಭೆಯಲ್ಲಿ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. "ಅವರಿಗೆ ಹಾಗಾಗಿದ್ದಕ್ಕೇ ನಮಗೆ ಗೊತ್ತಾಗಿದ್ದು ಅತ್ತೆ. ಅವರೂ ನಡೆದು ಹೋಗಿದ್ರೆ ಎಲ್ಲಾ ಚುಕ್ಕೀನೂ ಕೆಳಗೇ ಇರ್ತಿತ್ತು. ಡಬ್ಬಿಯಿಂದ ಏನೂ ಇಲ್ಲ ಅಂದ್ಕೊಂಡು ತೆಗೆದುಬಿಡ್ತಿದ್ವಿ."

ಅತ್ತೆಯ ಬೆರಳು ಮತ್ತೆ ತಂಗಿಯ ಓಣಿಯ ಚುಕ್ಕಿಗೆ ಇಳಿಯಿತು.

"ಅಂದ್ರೆ ನನ್ನ ತಂಗಿ ಮೊಮ್ಮಗೂಗೆ ನೀರು ಉಳಿದಿದ್ದು ಇವರಿಂದ."

"ಹೌದು."

"ಅದು ಇವರಿಗೆ ಗೊತ್ತಾ?"

ಎರಡು ವರ್ಷ ತಿಂಗಳು ತಿಂಗಳೂ ಅವಳ ಕಚೇರಿಯವರು ಗಣಿಯ ಧೂಳಿನಲ್ಲಿ ನಡೆದುಹೋಗಿ ಆ ತಾಯಂದಿರನ್ನು ಕೂರಿಸಿಕೊಂಡು, ಈ ವಾರ ಎಷ್ಟು ಸಲ, ನೀರು ನೀರಾಗಿ ಹೋಯಿತೇ, ರಕ್ತವಿತ್ತೇ, ಯಾವ ದಿನ ತೀರಿಕೊಂಡಿತು ಎಂದು ಕೇಳಿ ಬರೆದುಕೊಂಡು ಬಂದಿದ್ದರು. ಅವರು ನೆನಪು ಮಾಡಿಕೊಂಡು, ತಪ್ಪಿಲ್ಲದೆ, ಒಂದೊಂದಕ್ಕೂ ಉತ್ತರ ಕೊಟ್ಟಿದ್ದರು. ಅವರಿಗೆ ತಿರುಗಿ ಹೇಳಬೇಕೆಂಬುದು ಯಾವ ನಿಯಮದಲ್ಲೂ ಇರಲಿಲ್ಲ, ಯಾರ ತಲೆಗೂ ಹೊಳೆದಿರಲಿಲ್ಲ.

"ಇಲ್ಲ" ಎಂದಳು.

"ಹೇಳಬೇಕಲ್ಲಮ್ಮ."

"ನೀವೂ ಬನ್ನಿ ಅತ್ತೆ, ನಾಳೆ ಹೋಗೋಣ. ನನಗಿಂತ ನಿಮಗೆ ಮಾತಾಡೋಕೆ ಬರತ್ತೆ."

ಅತ್ತೆ ತಲೆಯಾಡಿಸಿದರು. "ಆ ನೀರು ಒಳ್ಳೇದು, ತಗೊಂಡು ಹೋಗಿ ಅಂತ ಯಾರಿಗೆ ಬೇಕಾದ್ರೂ ಹೇಳ್ತೀನಿ. ಇದನ್ನ ನನ್ನ ಕೈಲಿ ಹೇಳೋಕಾಗಲ್ಲ. ಕೇಳ್ಕೊಂಡು ಬಂದವರು ನೀವು, ನೀನೇ ಹೇಳಬೇಕು" ಎಂದು ಹಾಳೆಯನ್ನು ಮಡಿಸದೆ ಹೇಗಿತ್ತೋ ಹಾಗೆ ಅವಳ ಕೈಗೆ ಕೊಟ್ಟು ಒಳಗೆ ಹೋದರು.

ಅವಳು ಮಂಚದ ಅಂಚಿನಲ್ಲಿ ಕೂತು, ಯಾರದೋ ಮನೆಯ ಹೊಸ್ತಿಲ ಮುಂದೆ ನಿಂತ ಹಾಗೆ, ಆ ತಾಯಿ ಹೊರಗೆ ಬಂದ ಹಾಗೆ, ತಾನು ಬಾಯಿ ತೆರೆದ ಹಾಗೆ ಯೋಚಿಸಿ ನೋಡಿದಳು. ಹೇಳಬೇಕಾದದ್ದೆಲ್ಲ ಅವಳಿಗೆ ಗೊತ್ತಿತ್ತು. ಅದು ದೊಡ್ಡದು, ನಿಜವಾದದ್ದು, ಎಷ್ಟೋ ಕೂಸುಗಳನ್ನು ಉಳಿಸುವಂಥದ್ದು. ದೀಪ ಹಚ್ಚುವ ಹೊತ್ತಾಗುವ ತನಕ ಕೂತರೂ ಮೊದಲ ಮಾತು ಯಾವುದಾಗಬೇಕೆಂದು ಅವಳಿಗೆ ತಿಳಿಯಲಿಲ್ಲ.